ಸೈಕಲ್ ಕಾಕಾನ ನಾಲ್ಕು ಸೆಕೆಂಡು

ನಿಮ್ಮ ಸ್ಟುಡಿಯೋದಲ್ಲಿ ಏನು ಮಾಡುತ್ತೀರಿ ಎಂದು ಬನಹಟ್ಟಿಯಲ್ಲಿ ಯಾರಾದರೂ ಕೇಳಿದರೆ ನನಗೆ ಮೊದಲು ಬರುವುದು ಸಿಟ್ಟು. ಕೇಳುವವರ ಕಣ್ಣಲ್ಲಿ ಹಾರುವ ಕುದುರೆ, ಬೆಂಕಿ ಉಗುಳುವ ಹಾವು ಆಗಲೇ ಬಂದು ಕೂತಿರುತ್ತವೆ. "ಯಾವ ರಾಕ್ಷಸನ್ನ ಮಾಡೀರಿ ಸರ?" ಎನ್ನುತ್ತಾರೆ. ರಾಕ್ಷಸನನ್ನು ಮಾಡುವವರು ಹೈದರಾಬಾದಿನಲ್ಲಿ, ಮುಂಬಯಿಯಲ್ಲಿ ಇದ್ದಾರೆ. ನಾವು ಅಳಿಸುವವರು. ನಾಯಕ ಹಾರುವಾಗ ಅವನ ಸೊಂಟಕ್ಕೆ ಬಿಗಿದ ತಂತಿ ಅಳಿಸುತ್ತೇವೆ. ಕೋಟೆಯ ಹಿಂದೆ ಇಣುಕುವ ಮೊಬೈಲ್ ಟವರ್ ಅಳಿಸುತ್ತೇವೆ. ಮಹಾರಾಜರ ಸೈನಿಕ ಮರೆತು ಕಟ್ಟಿಕೊಂಡು ಬಂದ ಕೈಗಡಿಯಾರ ಅಳಿಸುತ್ತೇವೆ. ಕೆಲಸ ಚೊಕ್ಕವಾದರೆ ನಾವು ಕೆಲಸ ಮಾಡಿದ್ದೇ ಯಾರಿಗೂ ತಿಳಿಯುವುದಿಲ್ಲ. ಈ ಮಾತನ್ನು ನಾನು ಬಹಳ ದಿನ ಎದೆಯುಬ್ಬಿಸಿಕೊಂಡು ಹೇಳಿದ್ದೇನೆ.

ನಾನು ಕೌಸ್ತುಭ, ಜಮಖಂಡಿಯವನು. ಪುಣೆಯಲ್ಲಿ ಒಂಬತ್ತು ವರ್ಷ ಈ ಕೆಲಸ ಮಾಡಿ, ಅಲ್ಲಿಯ ಮೇಲಿನವರ ಜೊತೆ ಜಗಳ ತೆಗೆದು ವಾಪಸು ಬಂದೆ. ಬನಹಟ್ಟಿಯಲ್ಲಿ ಮುಚ್ಚಿ ಹೋಗಿದ್ದ ಒಂದು ಪಾವರ್‌ಲೂಮ್ ಶೆಡ್ಡು ಹಿಡಿದು, ಮಗ್ಗ ಕಿತ್ತ ಜಾಗದಲ್ಲಿ ಹದಿನಾಲ್ಕು ಕಂಪ್ಯೂಟರ್ ಇಟ್ಟೆ. ಎಷ್ಟು ಗುಡಿಸಿದರೂ ಮೂಲೆಯಿಂದ ಹತ್ತಿಯ ಧೂಳು ಏಳುತ್ತಿತ್ತು. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ದಿನವಿಡೀ ಬಡಿಯುತ್ತಿದ್ದವು. ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ನೇಕಾರರ ಮನೆಯ ಹೆಣ್ಣುಮಕ್ಕಳು. ಸಾವಿರ ಎಳೆಗಳ ನಡುವೆ ಹರಿದ ಒಂದೇ ಎಳೆಯನ್ನು ಹುಡುಕಿ ಗಂಟು ಹಾಕಿ ಬೆಳೆದವರಿಗೆ ನಾನು ಹೊಸದಾಗಿ ಕಲಿಸಬೇಕಾದ್ದು ಬಹಳ ಇರಲಿಲ್ಲ.

ನಮ್ಮ ಕೆಲಸದಲ್ಲಿ ಎರಡು ಭಾಗ. ಮೊದಲು ಗೆರೆ. ಚಿತ್ರದಲ್ಲಿರುವ ಮನುಷ್ಯನನ್ನೋ ವಸ್ತುವನ್ನೋ ಸುತ್ತುವರಿದು ಗೆರೆ ಎಳೆಯಬೇಕು. ಸಿನಿಮಾದ ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ, ಪ್ರತಿ ಚಿತ್ರಕ್ಕೂ ಹೊಸ ಗೆರೆ. ಆಮೇಲೆ ರಫೂ. ಗೆರೆಯೊಳಗಿನದನ್ನು ತೆಗೆದು, ಅಕ್ಕಪಕ್ಕದ ಮಣ್ಣು, ನೀರು, ಆಕಾಶ ತಂದು ಹರಿದ ಬಟ್ಟೆಗೆ ರಫೂ ಮಾಡಿದಂತೆ ತುಂಬಬೇಕು. ಇನ್ನೊಂದು ಮಾತನ್ನೂ ಇಲ್ಲೇ ಹೇಳುತ್ತೇನೆ. ನಾಯಕಿಯ ಕೂದಲಿಗೆ ಗೆರೆ ಎಳೆಯುವಾಗ ಒಂದೊಂದು ಎಳೆಯನ್ನೂ ಬಿಡಬಾರದು. ಆದರೆ ಅಳಿಸಬೇಕಾದ ಮನುಷ್ಯನಿಗೆ ಅಷ್ಟು ನಾಜೂಕು ಬೇಕಿಲ್ಲ. ದೂರದಿಂದ ಒಂದು ಹರಕು ಬೇಲಿ ಹಾಕಿದರೆ ಸಾಕು. ಹೇಗೂ ಹೋಗುವವನು.

ಎರಡು ವರ್ಷದ ಹಿಂದೆ, ಸಂಕ್ರಾಂತಿ ಮುಗಿದ ವಾರ, ರಬಕವಿಯ ಆಚೆ ಕೃಷ್ಣಾ ದಂಡೆಗೆ ಒಂದು ದೊಡ್ಡ ಸಿನಿಮಾದವರು ಬಂದರು. ರಾಜರ ಕಾಲದ ಕಥೆ. ನಾನು ಲ್ಯಾಪ್‌ಟಾಪ್ ಬಗಲಲ್ಲಿ ಇಟ್ಟುಕೊಂಡು, ಹೈದರಾಬಾದಿನಿಂದ ಬಂದಿದ್ದ ಗ್ರಾಫಿಕ್ಸ್ ಮುಖ್ಯಸ್ಥನ ಹಿಂದೆ ಮೂರು ದಿನ ನೊಣದಂತೆ ಸುತ್ತಿದೆ. ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮೂರನೆಯ ದಿನ ಮುಂಜಾನೆ, ರಾಣಿ ನದಿಯ ದಂಡೆಯಲ್ಲಿ ನಿಂತು ಆಚೆ ದಡ ನೋಡುವ ಶಾಟ್ ನಡೆಯುತ್ತಿತ್ತು. ಎಳೆಬಿಸಿಲು ಇನ್ನು ಐದು ನಿಮಿಷ ಉಳಿದರೆ ಹೆಚ್ಚು. ಅಷ್ಟರಲ್ಲಿ ರಾಣಿಯ ಹಿಂದಿನಿಂದ ಒಬ್ಬ ಮುದುಕ ಸೈಕಲ್ ನೂಕಿಕೊಂಡು ಬಂದ. ಕ್ಯಾರಿಯರ್ ಮೇಲೆ ಸೀರೆಯ ಗಂಟು, ಹೆಗಲ ಮೇಲೆ ಟವೆಲ್ಲು, ಎಡಗಾಲು ತುಸು ಎಳೆಯುತ್ತಿತ್ತು. ವಾರಕ್ಕೊಮ್ಮೆ ದೋಣಿ ದಾಟಿ ಆಚೆ ಹಳ್ಳಿಗಳಲ್ಲಿ ಸೀರೆ ಮಾರುವವನಂತೆ. ಎಲ್ಲರೂ ಅವನ ಮೇಲೆ ಕೂಗಿದರು. ನಾನು ಕ್ಯಾಮೆರಾ ಪಕ್ಕದಲ್ಲಿ ನಿಂತು, ಬೇಗ ಹೋಗು ಎಂದು ಜೋರಾಗಿ ಕೈ ಬೀಸಿದೆ. ಅವನು ಅದನ್ನು ನಮಸ್ಕಾರವೆಂದು ತಿಳಿದನೋ ಏನೋ, ನಡೆಯುತ್ತಲೇ ತಿರುಗಿ, ನನ್ನತ್ತ ಕೈ ಎತ್ತಿ ಮುಂದೆ ಹೋದ.

ಬಿಸಿಲು ಹೋಯಿತು. ನಿರ್ದೇಶಕರು ಟೋಪಿ ನೆಲಕ್ಕೆ ಬಡಿದರು. ಆಗ ನಾನು ನುಗ್ಗಿ ಹೇಳಿದೆ: "ಸರ್, ಇದೇ ಶಾಟ್ ಇಟ್ಕೊಳ್ರಿ. ಆ ಮನುಷ್ಯಾನ್ನ ನಾವು ತಗದು ಕೊಡ್ತೀವಿ. ಇದ್ದ ಅಂತ ನಿಮಗೂ ನೆನಪ ಉಳಿಯಂಗಿಲ್ಲ." ಹೈದರಾಬಾದಿನವನು ಮೊದಲ ಸಲ ನನ್ನ ಮುಖ ನೋಡಿದ. ನದಿಯ ಎಲ್ಲ ಶಾಟುಗಳ ಕೆಲಸ ನಮಗೆ ಬಂದದ್ದು ಹೀಗೆ.

ಮುದುಕ ದೋಣಿಗೆ ಕಾಯುತ್ತಾ ಕಟ್ಟೆಯ ಮೇಲೆ ಕೂತಿದ್ದ. ಖುಷಿಯಲ್ಲಿ ನಾನೇ ಹೋಗಿ ಚಹಾ ಕೊಟ್ಟೆ.

"ನಾ ಸಿನಿಮಾದಾಗ ಬರ್ತೇನೇನ್ರಿ ಸಾಹೇಬ್ರ?" ಎಂದ.

"ಬರ್ತೀರಿ ಕಾಕಾ. ಯಾಕ ಬರಂಗಿಲ್ಲ? ಖಾತ್ರಿ ಬರ್ತೀರಿ" ಎಂದೆ.

ನಗುತ್ತಾ ಹೇಳಿದ ಸುಳ್ಳಿಗೆ ತೂಕವಿಲ್ಲ ಎಂದುಕೊಂಡಿದ್ದೆ. ಹೆಸರನ್ನೂ ಕೇಳಲಿಲ್ಲ.

ಅವನ ಹೆಸರು ಅಂದಾನೆಪ್ಪ. ಆ ವರ್ಷ ಹೋಳಿ ಹುಣ್ಣಿಮೆ ಮುಗಿದು ಎಂಟು ದಿನಕ್ಕೆ, ಮಗ್ಗದ ಮುಂದೆ ಕೂತಲ್ಲೇ ಎದೆ ಹಿಡಿದುಕೊಂಡು ತೀರಿಹೋದ. ಜೂನ್ ತಿಂಗಳಲ್ಲಿ ಅವನ ಮಗಳು ಮಧುಮತಿ ಕೆಲಸ ಕೇಳಿಕೊಂಡು ನಮ್ಮ ಶೆಡ್ಡಿಗೆ ಬಂದಳು. ಅವಳು ಅವನ ಮಗಳು ಎಂಬುದು ನನಗೆ ತಿಳಿದದ್ದು ಮರುವರ್ಷ, ಎಲ್ಲ ಮುಗಿದು ಹನ್ನೊಂದು ದಿನದ ಮೇಲೆ. ನಿಮಗೆ ಮಾತ್ರ ಈಗಲೇ ಹೇಳುತ್ತಿದ್ದೇನೆ. ನಾನು ಮಾಡಿದ್ದನ್ನು ನಾನು ನೋಡಿದಂತೆ ಕಣ್ಣು ಕಟ್ಟಿಕೊಂಡು ನೀವೂ ನೋಡುವುದು ಬೇಡ.

ಮಧುಮತಿ ಮಾತು ಕಡಿಮೆ ಆಡುವ ಹುಡುಗಿ. ಬಿ.ಕಾಂ. ಎರಡನೆಯ ವರ್ಷಕ್ಕೆ ಬಿಟ್ಟವಳು. ಆರು ತಿಂಗಳಲ್ಲಿ ಸ್ಟುಡಿಯೋದ ಎಲ್ಲರಿಗಿಂತ ಸಣ್ಣ ಗೆರೆ ಅವಳದೇ ಆಯಿತು. ಹೀಗಾಗಿ ಮರುವರ್ಷ ಫೆಬ್ರವರಿಯಲ್ಲಿ ನದಿಯ ಶಾಟುಗಳು ಬಂದಾಗ, ರಾಣಿಯ ಶಾಟನ್ನು ನಾನು ಅವಳಿಗೇ ಕೊಟ್ಟೆ. ತೊಂಬತ್ತಾರು ಚಿತ್ರ, ಅಂದರೆ ನಾಲ್ಕು ಸೆಕೆಂಡು.

ಶಾಟನ್ನು ದೊಡ್ಡ ಪರದೆಗೆ ಹಾಕಿ ಎಲ್ಲರನ್ನೂ ಕರೆದೆ. ಸೈಕಲ್ಲು ನೂಕುತ್ತಾ ಮುದುಕ ಬಂದ, ತಿರುಗಿದ, ಕೈ ಎತ್ತಿದ, ಹೋದ.

"ನೋಡ್ರಿ, ನಮ್ಮ ಲಕ್ಷ್ಮೀಪುತ್ರ! ಈ ಕಾಕಾನ ಪುಣ್ಯದಿಂದನ ನಮಗ ಈ ಕೆಲಸ ಬಂದದ್ದು" ಎಂದೆ. ಅವನ ಪ್ರಶ್ನೆಯನ್ನೂ ನನ್ನ ಉತ್ತರವನ್ನೂ ಅವನ ದನಿ ತೆಗೆದು ಹೇಳಿ ತೋರಿಸಿದೆ. ಹುಡುಗಿಯರೆಲ್ಲ ನಕ್ಕರು. ತೇರದಾಳದಿಂದ ಬಸ್ಸಿಗೆ ಬರುತ್ತಿದ್ದ ಹರ್ಷದಾ, "ಪಾಪ, ಈಗೂ ಕಾಯಕತ್ತಿರಬೇಕ ನೋಡ್ರಿ ಸರ್" ಎಂದಳು. ಮಧುಮತಿ ನಗಲಿಲ್ಲ. ಅವಳು ಯಾವಾಗಲೂ ನಗುವವಳಲ್ಲವಲ್ಲ ಎಂದು ನಾನೂ ಗಮನಿಸಲಿಲ್ಲ.

ಆ ಸಂಜೆ ಎಲ್ಲರೂ ಹೊರಟ ಮೇಲೆ ಅವಳು ನನ್ನ ಮೇಜಿನ ಹತ್ತಿರ ಬಂದಳು.

"ಸರ್, ಆ ಮನಿಶಾನ್ನ ತಗಿಲೇಬೇಕೇನ್ರಿ?"

"ರಾಣಿ ಕಾಲದಾಗ ಅಟ್ಲಾಸ್ ಸೈಕಲ್ ಇತ್ತೇನವಾ?"

"ಇಲ್ರಿ" ಎಂದಳು. "ನಮ್ಮವ್ವನ್ನ ಒಂದ ಸಲ ಇಲ್ಲಿ ಕರಕೊಂಡ ಬರ್ಲೇನ್ರಿ? ನಾ ಮಾಡೋ ಕೆಲಸಾ ನೋಡಬೇಕಂತಾಳ. ಎರಡ ಮಿನಿಟ ಸಾಕ್ರಿ" ಎಂದಳು.

ನಮ್ಮಲ್ಲಿ ಇದಕ್ಕೆ ಕಟ್ಟುನಿಟ್ಟಿನ ನಿಯಮವಿದೆ. ಬಾಗಿಲಲ್ಲೇ ಎಲ್ಲರ ಮೊಬೈಲು ಪೆಟ್ಟಿಗೆಗೆ ಹೋಗುತ್ತದೆ. ಪೆನ್‌ಡ್ರೈವ್ ಹಾಕುವ ಜಾಗಕ್ಕೆ ಮೇಣ ಮೆತ್ತಿದ್ದೇನೆ. ಬಿಡುಗಡೆಗೆ ಮೊದಲು ಸಿನಿಮಾದ ಒಂದು ಚಿತ್ರ ಹೊರಗೆ ಬಿದ್ದರೂ ನಮ್ಮ ಕಥೆ ಮುಗಿಯುತ್ತದೆ. ಹೊರಗಿನವರು ಹೊಸ್ತಿಲು ದಾಟುವಂತಿಲ್ಲ.

"ಇದೇನ ಮ್ಯೂಜಿಯಂ ಏನು? ಸಿನಿಮಾ ಬಂದ ಮ್ಯಾಲೆ ಥೇಟರಿಗೆ ಕರಕೊಂಡು ಹೋಗಿ ತೋರಿಸು" ಎಂದು ಗದರಿದೆ.

ಅವಳು "ಹೂಂರಿ" ಎಂದು ಹೋದಳು. ಅವಳ ಅಪ್ಪನನ್ನು ನೋಡಲು ಅವಳ ತಾಯಿಗೆ ಇದ್ದದ್ದು ಆ ಎರಡೇ ನಿಮಿಷ. ಥೇಟರಿನಲ್ಲಿ ಅವನಿರುವುದಿಲ್ಲ ಎಂದು ಆ ಹೊತ್ತಿಗೆ ಆ ಶೆಡ್ಡಿನಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಒಂದು ದಿನದ ಕೆಲಸಕ್ಕೆ ಅವಳು ನಾಲ್ಕು ದಿನ ತೆಗೆದುಕೊಂಡಳು. ನಾಲ್ಕನೆಯ ದಿನ ಮಧ್ಯಾಹ್ನ ತಾಳ್ಮೆ ಕೆಟ್ಟು ಅವಳ ಹಿಂದೆ ಹೋಗಿ ನಿಂತೆ. ಗೆರೆ ನೋಡಿ ನನಗೆ ತಲೆ ತಿರುಗಿತು. ಟವೆಲ್ಲಿನ ತುದಿಯಲ್ಲಿ ಗಾಳಿಗೆ ಅಲ್ಲಾಡುವ ದಾರಗಳಿಗೆ ಒಂದೊಂದಕ್ಕೂ ಬೇರೆ ಗೆರೆ. ಬೆರಳುಗಳಿಗೆ ಬೇರೆ, ಕಿವಿಗೆ ಬೇರೆ. ಸೈಕಲ್ಲಿನ ಗಾಲಿಯ ತಂತಿಗಳ ನಡುವಿನ ಸಂದುಗಳನ್ನೂ ಬಿಟ್ಟಿರಲಿಲ್ಲ. ಪುಣೆಯಲ್ಲಿ ಒಂಬತ್ತು ವರ್ಷದಲ್ಲಿ ಅಂಥ ಗೆರೆ ನಾನು ನೋಡಿರಲಿಲ್ಲ. ಅದನ್ನು ಹೇಳುವ ಬದಲು ಎಲ್ಲರಿಗೂ ಕೇಳುವಂತೆ ಕೂಗಿದೆ.

"ಅಳಿಸೋ ಮನುಷ್ಯಾಗ ಇಷ್ಟು ಸಣ್ಣ ಗೆರಿ ಯಾಕ ಬೇ? ನಾಲ್ಕು ದಿನ! ಹೋಗೋನಿಗೆ ಇಷ್ಟು ಸಿಂಗಾರ ಯಾರು ಮಾಡ್ತಾರ?"

ಅವಳು ತಿರುಗಲಿಲ್ಲ. "ತಪ್ಪಾತ್ರಿ" ಎಂದಳು. "ನಾಳೆ ತಗದ ಬಿಡ್ತೇನ್ರಿ."

ಮರುದಿನ ತೆಗೆದಳು. ಎಷ್ಟು ಚೊಕ್ಕವಾಗಿ ತೆಗೆದಳೆಂದರೆ, ದೊಡ್ಡ ಪರದೆಯ ಮೇಲೆ ಹತ್ತು ಸಲ ಓಡಿಸಿ ನಾನು ಹುಡುಕಿದೆ. ನೀರಿನಲ್ಲಿ ಅವನ ನೆರಳಿಲ್ಲ, ಹಸಿ ಮಣ್ಣಿನ ಮೇಲೆ ಗಾಲಿಯ ಗುರುತಿಲ್ಲ. ರಾಣಿ, ನದಿ, ಬಿಸಿಲು, ಅಷ್ಟೇ. ಹೈದರಾಬಾದಿನವರು ಮೊದಲ ಸಲಕ್ಕೇ ಒಪ್ಪಿದರು. ಒಪ್ಪಿದ ಏಳು ದಿನದೊಳಗೆ ಮೂಲ ಚಿತ್ರಗಳನ್ನು ನಮ್ಮ ಸರ್ವರಿನಿಂದ ಒರೆಸಿ, ಒರೆಸಿದ್ದೇವೆ ಎಂದು ಸಹಿ ಮಾಡಿ ಕಳಿಸಬೇಕು. ನಾನು ಏಳು ದಿನ ಕಾಯುವವನಲ್ಲ. ಎರಡನೆಯ ದಿನವೇ, ಯಾವ ಉಪಾಯದಿಂದಲೂ ಮರಳಿ ಬರದಂತೆ ಒರೆಸಿ, ಸಹಿ ಹಾಕಿ ಕಳಿಸಿದೆ.

ಹನ್ನೊಂದು ದಿನದ ಮೇಲೆ ಮಧುಮತಿ ಸ್ಟುಡಿಯೋದವರನ್ನೆಲ್ಲ ಊಟಕ್ಕೆ ಕರೆದಳು. ಅಪ್ಪನ ವರ್ಷದ ಪುಣ್ಯತಿಥಿ. ಅವಳ ಮನೆಯ ಓಣಿಗೆ ನಾನು ಹೋದದ್ದು ಅದೇ ಮೊದಲು. ಬಾಗಿಲ ಪಕ್ಕದ ಗೋಡೆಗೆ ಒಂದು ಸೈಕಲ್ ಒರಗಿಸಿತ್ತು. ಅದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಒಳಗೆ ಹೋಗಿ ಗೋಡೆಯ ಮೇಲಿನ ಹಾರ ಹಾಕಿದ ಫೋಟೊ ನೋಡಿದೆ. ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದ್ದು, ಬಿಗಿದ ಮುಖ, ಮಸುಕು ಕಣ್ಣು. ಆದರೂ ಅವನೇ.

ಮಧುಮತಿ ಎಲೆಗೆ ಹುಗ್ಗಿ ಬಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ಅವಳ ತಾಯಿ ತಂಗೆವ್ವ ನನ್ನ ಮುಂದೆ ಬಂದು ಕೂತರು.

"ಇವರದೊಂದ ಛಲೋ ಫೋಟೋನೂ ಇಲ್ಲ ನೋಡ್ರಿ ಸಾಹೇಬ್ರ. ಮೊಬೈಲ ಮುಂದ ಹಿಡದ್ರ ಒಳಗ ಓಡಿ ಹೋಗ್ತಿದ್ರು. ಆದ್ರ ಸಿನಿಮಾದಾಗ ಬಂದಾರಂತ್ರಿ. ನದಿ ದಂಡಿ ಮ್ಯಾಲ ಒಬ್ಬ ಸಾಹೇಬ ಚಹಾ ಕೊಟ್ಟ ಖಾತ್ರಿ ಹೇಳ್ಯಾನಂತ. ಸಾಯೋತನಕ ಅದ ಮಾತ. ಓಣ್ಯಾಗಿನ ಮಂದಿ ಹೀರೋ ಹೀರೋ ಅಂತ ಕಾಡಸ್ತಿದ್ರು. ಸಿನಿಮಾ ಬರ್ಲಿ, ಎಲ್ಲಾರೂ ಕೂಡೇ ಜಮಖಂಡಿಗೆ ಹೋಗೋದ ಅಂತ ಮಾತಾಗೇತ್ರಿ."

ಪಕ್ಕದ ಮನೆಯ ಶಿವಯೋಗೆಪ್ಪ ಎಂಬ ಹಿರಿಯರು ಎಲೆಯಿಂದ ಕೈ ಎತ್ತಿ, "ಅಂದಾನೆಪ್ಪ ಭಾಳ ಬಂಡಲ್ ಬಿಡತಿದ್ದ ಬಿಡ್ರಿ" ಎಂದು ಪ್ರೀತಿಯಿಂದಲೇ ನಕ್ಕರು. ನಾನು ಉಂಡಂತೆ ಮಾಡಿ ಎದ್ದೆ.

ನೇರವಾಗಿ ಶೆಡ್ಡಿಗೆ ಹೋಗಿ ಬಾಗಿಲು ತೆಗೆದು ಸರ್ವರು ಜಾಲಾಡಿದೆ. ಏನೂ ಇರಲಿಲ್ಲ. ಇರಬಾರದೆಂದೇ ನಾನು ಒರೆಸಿದ್ದೆನಲ್ಲ. ಹೈದರಾಬಾದಿಗೆ ಫೋನ್ ಮಾಡಿ, ಮೂಲ ಶಾಟ್ ಒಂದೇ ಸಲ ಬೇಕು, ಕೈಮುಗಿಯುತ್ತೇನೆ ಎಂದೆ. ಗ್ರಾಫಿಕ್ಸ್ ಮುಖ್ಯಸ್ಥ ನನ್ನದೇ ದನಿಯಲ್ಲಿ, ನಿಯಮ ಗೊತ್ತಿದ್ದೂ ಕೇಳುತ್ತೀರಲ್ಲ ಎಂದ. ಇನ್ನೊಮ್ಮೆ ಕೇಳಿದರೆ ಅನುಮಾನ ಬರುತ್ತದೆ ಎಂದೂ ಹೇಳಿದ. ನಾನು ಮೇಜಿನ ಮೇಲೆ ತಲೆಯಿಟ್ಟು ಕೂತೆ. ಅತ್ತೆ ಎನ್ನಲು ನಾಚಿಕೆಯೇನಿಲ್ಲ, ಅತ್ತೆ.

ಮರುದಿನ ಮುಂಜಾನೆ ಮಧುಮತಿ ಎಲ್ಲರಿಗಿಂತ ಮೊದಲು ಬಂದಳು.

"ಹೇಳಬಾರದಾಗಿತ್ತೇನವಾ?" ಎಂದೆ.

"ಪರದಿ ಮ್ಯಾಲ ನೋಡಿದ ಕೂಡ್ಲೆ ಹೇಳಬೇಕಂದಿದ್ನಿರಿ. ನೀವು ನಮ್ಮಪ್ಪನ ಮಾತ ಆಡಿ ತೋರಿಸಿದ್ರಿ, ಎಲ್ಲಾರೂ ನಕ್ಕರು. ಆಮ್ಯಾಲ ಬಾಯಿ ಬರ್ಲಿಲ್ರಿ."

ಎಲ್ಲ ಒರೆಸಿಬಿಟ್ಟೆ, ಏನೂ ಉಳಿದಿಲ್ಲ ಎಂದಷ್ಟೇ ಹೇಳಿದೆ.

"ಗೆರಿ ಉಳದಾವಲ್ರಿ" ಎಂದಳು.

ನಾನು ಮರೆತಿದ್ದೆ. ಗೆರೆಯ ಫೈಲು ಸಿನಿಮಾದವರದಲ್ಲ, ನಮ್ಮದು. ಅದರಲ್ಲಿ ಚಿತ್ರವಿರುವುದಿಲ್ಲ, ಬರೀ ಆಕಾರ. ಅದನ್ನು ಒರೆಸಬೇಕೆಂಬ ನಿಯಮವಿಲ್ಲ. ಅವಳು ತನ್ನ ಯಂತ್ರ ಹಚ್ಚಿ ತೆರೆದಳು. ಕಪ್ಪು ಪರದೆ. ಅದರ ಮೇಲೆ ಬಿಳಿಯ ಒಬ್ಬ ಮನುಷ್ಯ ಬಿಳಿಯ ಸೈಕಲ್ ನೂಕಿಕೊಂಡು ಬಂದ. ಮುಖವಿಲ್ಲ, ಬಣ್ಣವಿಲ್ಲ, ನೆಲವೂ ಇಲ್ಲ. ಎಡಗಾಲು ತುಸು ಎಳೆಯುತ್ತಿತ್ತು. ಟವೆಲ್ಲಿನ ದಾರಗಳು ಗಾಳಿಗೆ ಅಲ್ಲಾಡಿದವು. ಗಾಲಿಯ ತಂತಿಗಳು ತಿರುಗಿದವು. ತಿರುಗಿದ, ಕೈ ಎತ್ತಿದ, ಬೆರಳುಗಳು ಬೇರೆ ಬೇರೆ ಕಂಡವು, ಹೋದ.

ಇಷ್ಟು ಸಣ್ಣ ಗೆರೆ ಯಾಕೆ ಎಂದು ನಾನು ಊರಿಗೆಲ್ಲ ಕೇಳುವಂತೆ ಕೂಗಿದ್ದೆನಲ್ಲ. ಉತ್ತರ ಅವಳು ಅವತ್ತೇ ಪರದೆಯ ಮೇಲೆ ಇಟ್ಟಿದ್ದಳು.

"ಅವ್ವಾರನ್ನ ಕರಕೊಂಡು ಬಾ" ಎಂದೆ.

ತಂಗೆವ್ವ ಬಂದರು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಗುಡಿಯೊಳಗೆ ಬಂದಂತೆ ಸೆರಗು ಹೊದ್ದು, ಮಗಳ ಕುರ್ಚಿಯ ತುದಿಯಲ್ಲಿ ಕೂತರು. ಮಧುಮತಿ ಮೊದಲೇ ಎಲ್ಲ ತಿಳಿಸಿ ಹೇಳಿದ್ದಳು. ಆದರೂ ಬಿಳಿ ಆಕಾರ ಬಂದಾಗ, "ಮಖಾ ಎಲ್ಲೈತಿ?" ಎಂದರು.

"ಮಖಾ ಇಲ್ಲಬೇ ಅವ್ವಾ. ಗೆರಿ ಅಷ್ಟ."

ಎರಡನೆಯ ಸಲ ಓಡಿದಾಗ ಪರದೆಯತ್ತ ಬಾಗಿದರು. ಮೂರನೆಯ ಸಲಕ್ಕೆ ಕೈ ಬಾಯಿಗೆ ಹೋಯಿತು. "ಕಾಲ... ಕಾಲ ಎಳಿಯಾಕತ್ತಾರ ನೋಡ. ಇವರ. ಇವರನವಾ." ಆಮೇಲೆ ಎಷ್ಟು ಸಲ ಓಡಿಸಿದೆವೋ ಲೆಕ್ಕವಿಟ್ಟಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಹಿಂದೆ ನಿಂತರು. ಹರ್ಷದಾ ಬಿಕ್ಕುತ್ತಿದ್ದಳು.

"ತಿರಿಗಿ ಯಾರಿಗೋ ಕೈ ಎತ್ತಾಕತ್ತಾರಲ್ಲ, ಯಾರಿಗ?" ಎಂದು ತಂಗೆವ್ವ ಕೇಳಿದರು.

"ನನಗ್ರಿ ಅವ್ವಾರ" ಎಂದೆ. "ಆ ಚಹಾ ಕೊಟ್ಟ ಸಾಹೇಬ ನಾನ. ಸಿನಿಮಾದಾಗ ಬರ್ತೀರಿ ಅಂತ ಸುಳ್ಳ ಹೇಳಿದವನೂ ನಾನ. ತಗೀರಿ ಅಂತ ಹೇಳಿದವನೂ ನಾನ. ಒರಸಿದವನೂ ನಾನ. ನಿಮ್ಮ ಓಣಿ ಮಂದಿಗೆ ಬಂದು ನಾನ ಹೇಳ್ತೀನ್ರಿ. ತಪ್ಪು ನಂದು."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರೆ ಹಗುರವಾಗುತ್ತಿತ್ತು. ಅವರು ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು.

"ಹಂಗಾರ ನೀವು ಚಹಾ ಕೊಟ್ಟಿದ್ದು ಖರೆ. ಖಾತ್ರಿ ಹೇಳಿದ್ದೂ ಖರೆ. ಇವರು ಸುಳ್ಳ ಹೇಳಿರ್ಲಿಲ್ಲ." ಆಮೇಲೆ, "ಓಣ್ಯಾಗ ಹೇಳಬ್ಯಾಡ್ರಿ ಯಪ್ಪಾ. ಸತ್ತವರನ್ನ ಸುಳ್ಳ ಮಾಡಬ್ಯಾಡ್ರಿ" ಎಂದರು.

ಸಿನಿಮಾ ಬಂದದ್ದು ದಸರೆಯ ಹೊತ್ತಿಗೆ. ಜಮಖಂಡಿಯ ಥೇಟರಿನಲ್ಲಿ ಮ್ಯಾಟ್ನಿ ಶೋ. ಓಣಿಯ ಇಪ್ಪತ್ತೇಳು ಜನ ಎರಡು ಟೆಂಪೋ ಮಾಡಿಕೊಂಡು ಬಂದರು. ಯಾರಿಗೂ ಏನೂ ಗೊತ್ತಿರಲಿಲ್ಲ. ತಂಗೆವ್ವ ಇಳಕಲ್ ಸೀರೆ ಉಟ್ಟು ನಡುವೆ ಕೂತರು, ಆಚೆ ಮಧುಮತಿ, ಈಚೆ ನಾನು. ನಾನು ಬರಬಾರದಿತ್ತು. ಅವರೇ ಹೇಳಿ ಕಳಿಸಿದ್ದರು.

ಮಧ್ಯಂತರ ಕಳೆದು ಸ್ವಲ್ಪ ಹೊತ್ತಿಗೆ ರಾಣಿ ನದಿಯ ದಂಡೆಗೆ ಬಂದಳು. ಮಧುಮತಿ ತಾಯಿಯ ಕೈ ಮುಟ್ಟಿದಳು. ಪರದೆ ತುಂಬ ಕೃಷ್ಣೆ, ಎಳೆಬಿಸಿಲು, ಖಾಲಿ ದಂಡೆ. ನಾನು ಸೆಕೆಂಡು ಎಣಿಸುತ್ತಿದ್ದೆ. ಮೂರನೆಯ ಸೆಕೆಂಡಿಗೆ, ಅವನು ತಿರುಗುತ್ತಿದ್ದ ಹೊತ್ತಿಗೆ ಸರಿಯಾಗಿ, ತಂಗೆವ್ವ ಮಡಿಲಿನಿಂದ ಕೈ ಎತ್ತಿದರು. ಶಾಟ್ ಬದಲಾಯಿತು. ಕೈ ಇಳಿಸಿದರು.

ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಬಾಗಿ, "ತಂಗೆವ್ವಕ್ಕಾ, ನದಿ ಬಂದ ಹೋತಲ್ಲ, ಇವರೆಲ್ಲೆ?" ಎಂದಳು.

"ಈಗ ಹೋದ್ರಲ್ಲಬೇ, ಸೈಕಲ್ ತಗೊಂಡ. ನೋಡ್ಲಿಲ್ಲೇನ?" ಎಂದರು ತಂಗೆವ್ವ.

ಶಿವಯೋಗೆಪ್ಪ ನನ್ನ ಆ ಬದಿಗೆ ಕೂತಿದ್ದರು. ಅವರು ಪರದೆ ನೋಡಿದರು, ತಂಗೆವ್ವ ಎತ್ತಿ ಇಳಿಸಿದ ಕೈ ನೋಡಿದರು, ನನ್ನ ಮುಖ ನೋಡಿದರು. ಅಳುತ್ತಿದ್ದ ನನ್ನನ್ನು ನೋಡಿ ಅವರಿಗೆ ಏನು ತಿಳಿಯಿತೋ. ಗಂಟಲು ಸರಿಮಾಡಿಕೊಂಡು, ಇಡೀ ಥೇಟರಿಗೆ ಕೇಳುವಂತೆ ಹೇಳಿದರು.

"ಹೋದ್ನಲ್ಲ. ನಾ ನೋಡಿದ್ನಿ. ಕೈ ಎತ್ತಿ ಹೋದ ಮಗಾ, ಖರೇನ ಹೀರೋ ಆಗ್ಯಾನ."

"ಹೌದ ಹೌದ, ನಾನೂ ನೋಡಿದ್ನಿ" ಎಂದ ಇನ್ನೊಬ್ಬ. ಹಿಂದಿನ ಸಾಲಿನಲ್ಲಿ ಯಾರೋ ಸೀಟಿ ಹೊಡೆದರು. ತಂಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಉಳಿದ ಸಿನಿಮಾ ಪೂರ್ತಿ ಕೂತು ನೋಡಿದರು.